ಡಾಕ್ಟರು ಹೇಳಿದ ಅವಸರ

ಲಕ್ಷ್ಮವ್ವನ ದನಿ ಎಂಥದ್ದು ಅಂತ ಕೇಳಿದರೆ ಮರಾಠಿ ಸೀಮೆಯ ಬಿಡಕಿನ್‌ನ ಆ ಹಾಸ್ಟೆಲ್ ಕಟ್ಟಡದ ಸೈಟಿನಲ್ಲಿ ಒಬ್ಬೊಬ್ಬರು ಒಂದೊಂದು ಕತೆ ಹೇಳುತ್ತಾರೆ. ಕೆಳಗೆ ಕಾಂಕ್ರೀಟಿನ ಮಿಕ್ಸರ್ ಗರಗರ ತಿರುಗುತ್ತಿದ್ದರೂ ಅವಳು ಅದರ ಪಕ್ಕದಲ್ಲೇ ನಿಂತು "ಏ ಶ್ರೀಮಂತಾ, ಎಡಕ್ಕ ಸರಿಯೋ!" ಎಂದು ಒಂದು ಕೂಗು ಹಾಕಿದರೆ ಸಾಕು, ಮೂರನೆಯ ಮಹಡಿಯ ಮೇಲಿದ್ದ ಶ್ರೀಮಂತ ಎಡಕ್ಕೆ ಸರಿಯುತ್ತಿದ್ದ. ಪಕ್ಕದ ಸೈಟಿನಲ್ಲಿ ಇನ್ನೊಬ್ಬ ಶ್ರೀಮಂತ ಇದ್ದಿದ್ದರೆ ಅವನೂ ಸರಿಯುತ್ತಿದ್ದ ಅಂತ ಗ್ಯಾಂಗಿನವರು ನಗುತ್ತಿದ್ದರು. ಎಂಜಿನಿಯರ್ ಉತ್ಕರ್ಷ ಒಮ್ಮೆ ವಾಕಿಟಾಕಿ ತಂದುಕೊಟ್ಟಾಗ ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಸಾಹೇಬ್ರ, ಇದಕ್ಕ ಬ್ಯಾಟರಿ ಬೇಕು, ನನಗ ಎರಡು ರೊಟ್ಟಿ ಸಾಕು" ಅಂದು ವಾಪಸು ಕೊಟ್ಟಿದ್ದಳು.

ಇಪ್ಪತ್ತಾರು ವರ್ಷದ ಹಿಂದೆ ಆಳಂದ ತಾಲೂಕಿನಿಂದ ಗಂಡನ ಜೊತೆ ಇಲ್ಲಿಗೆ ಹತ್ತಿರದ ವಾಳೂಜ್‌ಗೆ ಬಂದಾಗ ಅವಳು ತಲೆಯ ಮೇಲೆ ಕಾಂಕ್ರೀಟಿನ ಬುಟ್ಟಿ ಹೊರುವ ಹೊಸ ಹೆಣ್ಣಾಳು. ಈಗ ಮುಕಾದಮ್. ಅಂದರೆ ಮೂವತ್ತೆರಡು ಆಳುಗಳ ಗ್ಯಾಂಗು ಕಟ್ಟಿಕೊಂಡು ಸ್ಲ್ಯಾಬ್ ಹಾಕಿಸುವ ಮೇಸ್ತ್ರಿ. ಹೆಂಗಸು ಮುಕಾದಮ್ ಆಗುವುದುಂಟೇ ಅಂತ ಮೂಗು ಮುರಿದವರೆಲ್ಲ ಈಗ ಅವಳ ಹತ್ತಿರವೇ ಕೆಲಸ ಕೇಳಿಕೊಂಡು ಬರುತ್ತಿದ್ದರು. ಮರಾಠಿಯವರು ಅವಳನ್ನು 'ಬಾಯಿ ಮುಕಾದಮ್' ಅನ್ನುತ್ತಿದ್ದರು. ಅವರ ಮಾತಿನಲ್ಲಿ ಬಾಯಿ ಅಂದರೆ ಹೆಣ್ಣುಮಗಳು. ಆದರೆ ಕಲಬುರಗಿ, ಬೀದರ ಕಡೆಯ ಆಳುಗಳಿಗೆ ಅದು ಕನ್ನಡದ ಬಾಯಿಯಾಗಿಯೇ ಕೇಳಿಸುತ್ತಿತ್ತು. "ಖರೇನೇ ಅದ, ಆಕಿಗಿ ಬಾಯಿನೇ ಬಂಡವಾಳ" ಅಂತ ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಲಕ್ಷ್ಮವ್ವನಿಗೆ ಎರಡೂ ಅರ್ಥ ಒಪ್ಪಿಗೆಯೇ ಇತ್ತು.

ಬಂಡವಾಳ ಇನ್ನೊಂದೂ ಇತ್ತು. ಅವಳಿಗೆ ಓದು ಬರಹ ಬಾರದು, ಮಗಳು ಕಲಿಸಿದ ಸಹಿ ಒಂದು ಬಿಟ್ಟರೆ. ಆದರೆ ಕಿವಿಗೆ ಬಿದ್ದ ಮಾತು ಒಂದು ಅಕ್ಷರ ಆಚೀಚೆ ಆಗದಂತೆ ಹಾಗೇ ಉಳಿಯುತ್ತಿತ್ತು. ಉತ್ಕರ್ಷ ಸಾಹೇಬ ಬೆಳಿಗ್ಗೆ ಗಡಿಬಿಡಿಯಲ್ಲಿ ಹೇಳಿಹೋದ ಹತ್ತು ಮಾತನ್ನು ಮಧ್ಯಾಹ್ನ ಊಟದ ಹೊತ್ತಿಗೆ ಅವನದೇ ದನಿಯಲ್ಲಿ, ನಡುವಿನ ಕೆಮ್ಮಿನ ಸಮೇತ, ಒಪ್ಪಿಸುತ್ತಿದ್ದಳು. ಆಳುಗಳು ರೊಟ್ಟಿ ಬಿಟ್ಟು ನಗುತ್ತಿದ್ದರು.

ಅವಳು ಗಂಟಲು ಬಿಚ್ಚಿ ಕೂಗದ ಹೆಸರು ಒಂದೇ ಒಂದು. ಗಂಡ ರೇವಪ್ಪನದು. ರೇವಪ್ಪ ಅವಳ ಗ್ಯಾಂಗಿನಲ್ಲೇ ವೈಬ್ರೇಟರ್ ಹಿಡಿಯುವವನು. ಸುರಿದ ಕಾಂಕ್ರೀಟಿನೊಳಗೆ ಆ ಯಂತ್ರದ ಸೊಂಡಿಲು ಇಳಿಸಿ ಗಾಳಿ ಹೊರಡಿಸುವ ಕೆಲಸ ಅವನದು. ಗಂಡನ ಹೆಸರು ಹಿಡಿದು ಕರೆದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಅಂತ ಅವಳ ಅವ್ವ ಹೇಳಿಕೊಟ್ಟಿದ್ದಳು. ಹಾಗಾಗಿ ಮೂವತ್ತೊಂದು ಹೆಸರು ಸರಾಗವಾಗಿ ಕೂಗುವವಳು ಮೂವತ್ತೆರಡನೆಯದಕ್ಕೆ ಬಂದಾಗ "ಏ ಭಾಗ್ಯಾನ ಅಪ್ಪಾ!" ಅನ್ನುತ್ತಿದ್ದಳು. ಭಾಗ್ಯಶ್ರೀ ಅವರ ಒಬ್ಬಳೇ ಮಗಳು. ನಾಶಿಕದ ಒಂದು ಶಾಲೆಯಲ್ಲಿ ಹಿಂದಿ ಟೀಚರ್. ಬುಟ್ಟಿ ಹೊತ್ತವಳ ಮಗಳು ಟೀಚರ್ ಆದದ್ದನ್ನು ಲಕ್ಷ್ಮವ್ವ ಯಾರಿಗೂ ಹೇಳದೆ ಇದ್ದ ದಿನವಿಲ್ಲ, ಸಿಮೆಂಟ್ ಲಾರಿಯ ಡ್ರೈವರುಗಳನ್ನೂ ಬಿಟ್ಟಿರಲಿಲ್ಲ.

ಕೊರಳಿನ ಗಂಟು ಮೊದಲು ಕಂಡದ್ದು ಶಿವಗಂಗಾಗೆ, ಗ್ಯಾಂಗಿನ ಹೆಣ್ಣಾಳಿಗೆ. ಲಕ್ಷ್ಮವ್ವ ಕತ್ತೆತ್ತಿ ಮೇಲಿನವರಿಗೆ ಕೂಗುತ್ತಿದ್ದಳು. ಶಿವಗಂಗಾ ಅವಳ ಕೊರಳನ್ನೇ ನೋಡಿ, "ಯವ್ವಾ, ನಿನ ಕೊಳ್ಳಾಗ ಹುಣಸಿ ಬೀಜದಂಥದ್ದು ಏನೋ ಮ್ಯಾಲ ಕೆಳಗ ಆಡ್ಲತ್ತದಲ್ಲ!" ಅಂದಳು. ನೋವಿಲ್ಲ, ಬಾವಿಲ್ಲ. ಆದರೂ ಶಿವಗಂಗಾ ಬೆನ್ನು ಬಿಡಲಿಲ್ಲ. ಕೊನೆಗೆ ಸಂಭಾಜಿನಗರದ ಆಸ್ಪತ್ರೆಗೆ ಹೋದರು. ಸೂಜಿ ಚುಚ್ಚಿ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಕೌಂಟರಿನ ಹುಡುಗಿ ಮರಾಠಿಯಲ್ಲಿ ಗಂಡನ ಹೆಸರು ಕೇಳಿದಳು. ರೇವಪ್ಪ ಗಾಡಿ ನಿಲ್ಲಿಸಲು ಹೋಗಿದ್ದ. ಲಕ್ಷ್ಮವ್ವ ಆ ಕಡೆ ಈ ಕಡೆ ನೋಡಿ, ಸೆರಗು ಸರಿಮಾಡಿಕೊಂಡು, "ಭಾಗ್ಯಾನ ಅಪ್ಪ" ಅಂದಳು. ಹುಡುಗಿ ಹಾಗೇ ಟೈಪ್ ಮಾಡಿದಳು. ಅಂದಿನಿಂದ ಆ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ರೇವಪ್ಪನ ಹೆಸರು 'ಭಾಗ್ಯಾನಪ್ಪ' ಎಂದೇ ಆಯಿತು.

ರಿಪೋರ್ಟು ಬಂದದ್ದು ಸೋಮವಾರ. ಡಾಕ್ಟರು ಬನಾರಸ್ ಕಡೆಯವರು, ಬೆಳ್ಳಗಿನ ಹುಬ್ಬಿನ ಶಾಂತ ಮನುಷ್ಯ. ಮರಾಠಿ ಅಷ್ಟಾಗಿ ಬಾರದು, ಅವರ ಹಿಂದಿ ಮಾತ್ರ ರೇಡಿಯೋದಲ್ಲಿ ವಾರ್ತೆ ಓದಿದಷ್ಟು ಶುದ್ಧ. ರೇವಪ್ಪ ಲಕ್ಷ್ಮವ್ವರ ಹಿಂದಿಯೋ, ಕಲಬುರಗಿಯ 'ಕೈಕೂ ನಕ್ಕೋ' ಹಿಂದಿ. ಡಾಕ್ಟರು ಕಾಗದ ನೋಡಿದರು, ಕನ್ನಡಕ ತೆಗೆದರು, ಥೈರಾಯ್ಡಿನ ಕ್ಯಾನ್ಸರ್ ಅಂದರು. ಆಮೇಲೆ ಮೆತ್ತಗೆ ಇನ್ನೂ ಏನೇನೋ ಹೇಳಿದರು. ಆದರೆ ಮೊದಲ ಮಾತಿನ ಮೇಲೆ ಗಂಡ ಹೆಂಡತಿ ಇಬ್ಬರಿಗೂ ಏನೂ ತಿಳಿಯದಾಗಿತ್ತು. ಉಳಿದದ್ದರಲ್ಲಿ ರೇವಪ್ಪನ ತಲೆಗೆ ಹೊಕ್ಕದ್ದು ಒಂದೇ ಮಾತು, ಅದೂ ಕೊನೆಯದು. "ಅವಸರ್ ಹೈ."

"ಅವಸರ ಅದ ಅಂದ್ರಲ್ಲೇ" ಅಂದ ಅವನು ಹೊರಗೆ ಬಂದು, ಗೋಡೆ ಹಿಡಿದುಕೊಂಡು. "ಡಾಕ್ಟರೇ ಅವಸರ ಅದ ಅಂದ ಮ್ಯಾಲ ಇನ್ನ ಏನ್ ಉಳೀತು?"

ಕಲಬುರಗಿ ರಸ್ತೆಯಲ್ಲಿ 'ಅವಸರವೇ ಅಪಘಾತಕ್ಕೆ ಕಾರಣ' ಅಂತ ಹಳದಿ ಹಲಗೆ ಓದುತ್ತ ಬೆಳೆದ ಮನುಷ್ಯ. ಆ ಹೊತ್ತಿಗೆ ಅದ್ಯಾವುದೂ ನೆನಪಾಗಲಿಲ್ಲ. ಕೌಂಟರಿಗೆ ಓಡಿಹೋಗಿ, "ಜಲ್ದೀ ತಾರೀಖು ದೇವೋ, ಪೂರಾ ನಿಕಾಲ್ ಡಾಲೋ, ಕುಛ್ ರಖ್ನಾ ನಕ್ಕೋ" ಅಂದ, ಬೇಗ ದಿನ ಕೊಡಿ, ಪೂರ್ತಿ ತೆಗೆದುಹಾಕಿ, ಏನೂ ಉಳಿಸಬೇಡಿ ಅಂತ ಕೈ ಮುಗಿದ. ಅಳುತ್ತಿದ್ದವನನ್ನು ನೋಡಿ ಹುಡುಗಿ ಗುರುವಾರ ಆಪರೇಷನ್ನಿಗೆ ಭರ್ತಿಯಾಗಲು ಹೆಸರು ಬರೆದುಕೊಂಡಳು, ಮಿಕ್ಕದ್ದು ಡಾಕ್ಟರನ್ನೇ ಕೇಳಿ ಅಂದಳು. ಕೇಳುವ ತಾಳ್ಮೆ ಯಾರಿಗಿತ್ತು?

ಮನೆಗೆ ಬಂದ ಲಕ್ಷ್ಮವ್ವ ಅಳಲಿಲ್ಲ. ಮಗಳ ಮದುವೆ ಮಾಡಿ ಕೊಡುವವಳ ಹಾಗೆ ಒಂದೊಂದೇ ಕೆಲಸ ಹಂಚತೊಡಗಿದಳು. ಶನಿವಾರ ಹಾಸ್ಟೆಲ್ ಕಟ್ಟಡದ ಮೂರನೆಯ ಸ್ಲ್ಯಾಬ್ ಇತ್ತು. ಶ್ರೀಮಂತನನ್ನು ಕರೆಸಿ, "ನೀನೇ ನಿಂದ್ರು ಕೆಳಗ" ಅಂದಳು. ಅವನು ಹೌಹಾರಿದ.

"ನನ್ನ ದನಿ ಎಲ್ಲಿ ಮುಟ್ಟತದ ಯಕ್ಕಾ? ನೀ ಇಲ್ದ ಸ್ಲ್ಯಾಬ್ ಹ್ಯಾಂಗ?"

"ವಾಕಿಟಾಕಿ ತಗೋ" ಅಂದಳು ಲಕ್ಷ್ಮವ್ವ. ಸಾಯುವ ಭಯ ಇಲ್ಲ ಅಂತಲ್ಲ, ಇತ್ತು. ಆದರೆ ಅದಕ್ಕಿಂತ ದೊಡ್ಡದು ಇನ್ನೊಂದು ಕೂತಿತ್ತು. ವಾಳೂಜ್‌ನಲ್ಲಿ ಗಂಟಲಿನ ಆಪರೇಷನ್ ಆದ ಒಬ್ಬ ಹೆಂಗಸನ್ನು ಅವಳು ಕಂಡಿದ್ದಳು. ಆಕೆಯ ಮಾತು ಪಕ್ಕದವರಿಗೂ ಕೇಳುತ್ತಿರಲಿಲ್ಲ. ಬಾಯಿ ಹೋದರೆ ಬಾಯಿ ಮುಕಾದಮ್ ಅನ್ನುವುದರಲ್ಲಿ ಏನು ಉಳಿಯಿತು? ಇಪ್ಪತ್ತಾರು ವರ್ಷದ ಗಳಿಕೆಯೆಲ್ಲ ಅವಳ ಕೊರಳಿನಲ್ಲೇ ಇತ್ತು.

ಶಾಲೆ ಬಿಡುವ ಹೊತ್ತಿಗೆ ರೇವಪ್ಪ ಮಗಳಿಗೆ ಫೋನು ಹಚ್ಚಿದ, ಹಚ್ಚಿ ಅಳತೊಡಗಿದ. ಲಕ್ಷ್ಮವ್ವ ಅವನ ಕೈಯಿಂದ ಫೋನು ಕಸಿದುಕೊಂಡಳು. ಭಾಗ್ಯಶ್ರೀ ಹುಟ್ಟಿ ಬೆಳೆದದ್ದು ವಾಳೂಜ್‌ನಲ್ಲಿ. ಕನ್ನಡ ಎಲ್ಲ ತಿಳಿಯುತ್ತಿತ್ತು, ಮಾತಾಡಲು ಹೊರಟರೆ ಅರ್ಧ ಮರಾಠಿ ಬೆರೆಯುತ್ತಿತ್ತು.

"ಅವ್ವಾ, ಅಪ್ಪಗ ರಡೂ ನಕೋ ಅನ್ನು, ಅಳಬ್ಯಾಡ ಅನ್ನು. ಡಾಕ್ಟರ್ ಕಾಯ್ ಬೋಲ್ಲೇ? ಏನ್ ಅಂದ್ರು? ಅರ್ಥ ಹೇಳಬ್ಯಾಡ ನೀ. ಅವ್ರು ಹ್ಯಾಂಗ ಅಂದ್ರು ಹಾಂಗೇ ಹೇಳು. ಆ ಸಾಹೇಬನ ನಕಲ್ ಮಾಡ್ತಿ ನೋಡು, ತಸಂಚ್, ಹಾಂಗೇ."

ಲಕ್ಷ್ಮವ್ವ ಕಣ್ಣು ಮುಚ್ಚಿದಳು. ಅವಳ ತಲೆ ಆ ಕೋಣೆಯಲ್ಲಿ ಏನನ್ನೂ ತೆಗೆದುಕೊಂಡಿರಲಿಲ್ಲ, ನಿಜ. ಆದರೆ ಕಿವಿ ತನ್ನ ಕೆಲಸ ಬಿಟ್ಟಿರಲಿಲ್ಲ. ಬನಾರಸಿನ ಡಾಕ್ಟರು ಅವಳ ಬಾಯಿಂದ ನಿಧಾನವಾಗಿ, ಶಾಂತವಾಗಿ ಮಾತಾಡಿದರು: "ದೇಖಿಏ ಮಾತಾಜೀ, ಘಬರಾಇಏ ಮತ್. ಗಾಂಠ್ ಛೋಟೀ ಹೈ, ಏಕ್ ಹೀ ಓರ್ ಹೈ. ಆಧಾ ನಿಕಾಲೇಂ ಯಾ ಪೂರಾ, ದೋನೋಂ ಮಾರ್ಗ್ ಹೈಂ. ಶಾಂತಿ ಸೇ ವಿಚಾರ್ ಕೀಜಿಏ. ಆಪಕೇ ಪಾಸ್ ಅಭೀ ಪರ್ಯಾಪ್ತ್ ಅವಸರ್ ಹೈ."

ಕೊನೆಯ ಮಾತನ್ನು ಮಗಳು ಇನ್ನೊಮ್ಮೆ ಹೇಳಿಸಿದಳು.

"ಅವ್ವಾ!" ಭಾಗ್ಯಶ್ರೀ ಕಿರುಚಿದಳು, ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯದಂತೆ. "ಅವಸರ್ ಮ್ಹಣಜೇ ನಮ್ಮ ಅವಸರ ಅಲ್ಲ! ಅವಕಾಶ! ಮೌಕಾ! ಗಂಟು ಸಣ್ಣದು, ಒಂದೇ ಕಡೆ ಅದ, ಗಡಿಬಿಡಿ ಇಲ್ಲ, ಅರ್ಧ ತೆಗಸಬೇಕೋ ಪೂರ್ತಿನೋ ವಿಚಾರ ಮಾಡ್ಲಿಕ್ಕಿ ಟೈಮ್ ಅದ ಅಂತ ಹೇಳ್ಯಾರ ಅವ್ರು! ನಾ ಹೋದ ವಾರನೇ ಆರನೇ ಕ್ಲಾಸಿಗಿ ಈ ಶಬ್ದ ಕಲಸೀನಿ!"

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗಾಗಿತ್ತು ರೇವಪ್ಪನ ಕತೆ. ಲಕ್ಷ್ಮವ್ವ ಫೋನು ಇಟ್ಟು ಗಂಡನನ್ನು ಒಂದು ಸಲ ನೋಡಿದಳು. ಆಮೇಲೆ ನಗು ಬಂತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಾಗ ಅದು ಅಳುವಾಯಿತು; ಆ ದಿನದ ಅಳು ಆಗ ಬಂತು. ರೇವಪ್ಪ ಪಕ್ಕದಲ್ಲಿ ಕೂತು ಪೆಚ್ಚಾಗಿ, "ಹಿಂದ್ಯಾಗ ಕನ್ನಡ ಯಾಕ ಮಾತಾಡಬೇಕವ್ರು?" ಅಂತ ಗೊಣಗಿದ.

ಗುರುವಾರದ ಹೆಸರು ತೆಗೆಸಿದರು. ಶನಿವಾರ ಲಕ್ಷ್ಮವ್ವನೇ ಮಿಕ್ಸರಿನ ಪಕ್ಕ ನಿಂತು ಮೂರನೆಯ ಸ್ಲ್ಯಾಬ್ ಹಾಕಿಸಿದಳು. ಅವತ್ತು ಅವಳು ಬೇಕಿದ್ದದ್ದಕ್ಕಿಂತ ಹೆಚ್ಚೇ ಕೂಗಿದಳು ಅನ್ನುತ್ತಾಳೆ ಶಿವಗಂಗಾ. ಸುಮ್ಮನೆ ನಿಂತವರ ಹೆಸರನ್ನೂ ಕೂಗಿದಳಂತೆ.

ಸೋಮವಾರ ಗಂಡ ಹೆಂಡತಿ ನಾಶಿಕದ ಬಸ್ಸು ಹತ್ತಿದರು. ಭಾಗ್ಯಶ್ರೀ ಅಲ್ಲೊಬ್ಬ ಡಾಕ್ಟರಮ್ಮನನ್ನು ಕೇಳಿ ಇಟ್ಟಿದ್ದಳು, ಇನ್ನೊಬ್ಬ ಡಾಕ್ಟರ ಅಭಿಪ್ರಾಯವೂ ಇರಲಿ ಅಂತ. ಡಾಕ್ಟರ್ ರುಚಿತಾ ಅಂತ, ಮಗಳಿಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಕಾಗದ, ಸ್ಕ್ಯಾನು ಎಲ್ಲ ನೋಡಿ ಆಕೆಯೂ ಬನಾರಸಿನ ಡಾಕ್ಟರು ಹೇಳಿದ್ದನ್ನೇ ಹೇಳಿದಳು. ಗಂಟು ಚಿಕ್ಕದು, ಬಲಗಡೆ ಮಾತ್ರ, ಬೇರೆಲ್ಲೂ ಹರಡಿದ ಗುರುತಿಲ್ಲ. ನಿಮ್ಮಂಥವರಲ್ಲಿ ಥೈರಾಯ್ಡ್ ಗ್ರಂಥಿಯನ್ನು ಗಂಟಿನ ಸಮೇತ ಅರ್ಧ ತೆಗೆಯುವುದೂ ಸರಿ, ಪೂರ್ತಿ ತೆಗೆಯುವುದೂ ಸರಿ. ಆಯ್ಕೆ ನಿಮ್ಮದು.

ಆಯ್ಕೆ ನಿಮ್ಮದು ಅಂದದ್ದೇ ತಡ, ಲಕ್ಷ್ಮವ್ವ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಹೊಸ ನಕ್ಷೆ ತಂದ ಎಂಜಿನಿಯರನ್ನು ಹೇಗೆ ಜಾಲಾಡುತ್ತಿದ್ದಳೋ ಹಾಗೇ ಜಾಲಾಡಿದಳು, ತನ್ನ ಸೈಟಿನ ಮರಾಠಿಯಲ್ಲಿ. ಅರ್ಧ ತೆಗೆದರೆ ಉಳಿದ ಅರ್ಧ ಇಡೀ ಮೈಯ ಭಾರ ಹೊರುತ್ತದೇನು? ಎಷ್ಟೋ ಜನರಲ್ಲಿ ಹೊರುತ್ತದೆ, ಕೆಲವರಿಗೆ ಗುಳಿಗೆ ಬೇಕಾಗುತ್ತದೆ, ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ. ಪೂರ್ತಿ ತೆಗೆದರೆ? ಜೀವ ಇರುವ ತನಕ ದಿನಾ ಬೆಳಿಗ್ಗೆ ಗುಳಿಗೆ. ಆದರೆ ಮುಂದೆ ನಿಗಾ ಇಡುವುದು ಸುಲಭ. ಅರ್ಧ ಉಳಿಸಿದ ಕಡೆ ಮತ್ತೆ ಗಂಟು ಬಂದರೆ? ಮತ್ತೆ ಆಪರೇಷನ್. ತೆಗೆದದ್ದನ್ನು ಪರೀಕ್ಷೆ ಮಾಡಿದಾಗ ಕೆಟ್ಟದ್ದು ಕಂಡರೂ ಮತ್ತೆ ಆಪರೇಷನ್. ಇದನ್ನು ಮುಚ್ಚಿಡುವುದಿಲ್ಲ ಅಂದಳು ಡಾಕ್ಟರಮ್ಮ.

"ಮತ್ತ ನನ್ನ ದನಿ?"

ಡಾಕ್ಟರ್ ರುಚಿತಾ ಒಂದು ಕಾಗದದ ಮೇಲೆ ಗಂಟಲಿನ ಚಿತ್ರ ಬರೆದಳು. ದನಿಯ ನರ ಎರಡು ಕಡೆಯೂ ಇವೆ, ದಾರದಷ್ಟು ತೆಳು. ಪೂರ್ತಿ ತೆಗೆಯಬೇಕಾದರೆ ಚಾಕು ಎರಡರ ಪಕ್ಕದಲ್ಲೂ ಹೋಗಬೇಕು, ಅರ್ಧ ತೆಗೆಯಲು ಒಂದರ ಪಕ್ಕದಲ್ಲಿ ಮಾತ್ರ. ಅಪಾಯ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ಮಾತಾಡುವ ದನಿ ಬೇರೆ, ಕೂಗುವ ದನಿ ಬೇರೆ ಅಂದಳು. ಎತ್ತರದ ದನಿಗೆ ಇನ್ನೂ ತೆಳ್ಳಗಿನ ನರ ಒಂದಿದೆ. ಅದು ಉಳಿಯುತ್ತದೆ ಅಂತ ಮಾತು ಕೊಡಲು ಯಾವ ಡಾಕ್ಟರಿಗೂ ಆಗುವುದಿಲ್ಲ.

"ನನ್ನ ಜಾಗದಾಗ ನೀವಿದ್ರ ಏನ್ ಮಾಡ್ತಿದ್ರಿ?"

"ನಿಮ್ಮ ಜಾಗದಲ್ಲಿ ನಾನು ಹೇಗೆ ಇರಲಿ ಬಾಯಿ?" ಡಾಕ್ಟರಮ್ಮ ನಕ್ಕಳು. "ನಾನು ಮೂರನೇ ಮಹಡಿಗೆ ಕೇಳುವ ಹಾಗೆ ಒಮ್ಮೆಯೂ ಕೂಗಿದವಳಲ್ಲ."

ಹೊರಗೆ ಬಂದಾಗ ಭಾಗ್ಯಶ್ರೀ ಅವ್ವನ ತೋಳು ಹಿಡಿದುಕೊಂಡಳು. "ಡಾಕ್ಟರ್ ನನಗ ಏನ್ ಅಂದ್ರು ಗೊತ್ತ? ಇಷ್ಟು ಚಲೋ ಪ್ರಶ್ನೆ ಕೇಳೋ ಪೇಶಂಟ್ ಈ ವರ್ಷ ಬಂದಿಲ್ಲಂತ." ಮಗಳ ಮುಖ ಅರಳಿತ್ತು. ಮಗಳ ಬಗ್ಗೆ ತಾನು ಲಾರಿ ಡ್ರೈವರುಗಳ ಮುಂದೆ ಹೇಳುವಾಗ ತನ್ನ ಮುಖವೂ ಹೀಗೇ ಇರುತ್ತಿರಬೇಕು ಅಂತ ಲಕ್ಷ್ಮವ್ವನಿಗೆ ಅನ್ನಿಸಿತು.

ತಿರುಗಿ ಬರುವಾಗ ಬಸ್ಸು ಯೇವಲೆ ದಾಟಿತು. ರೇವಪ್ಪ ತಡೆಯಲಾರದೆ ಅಂದ, "ಕಳೆ ಕಿತ್ತರ ಬೇರು ಸಮೇತ ಕೀಳಬೇಕು. ಪೂರ್ತಿ ತೆಗಸೇ. ಅರ್ಧಂಬರ್ಧ ಕೆಲಸ ನೀ ಎಂದರ ಒಪ್ಪೀಯಾ?"

"ಒಂದು ಕಾಲಮ್ ಬಿರುಕು ಬಿಟ್ಟರ ಇಡೀ ಬಿಲ್ಡಿಂಗ್ ಕೆಡವ್ತೀಯಾ?"

"ಪಾಯಾದಾಗ ಇದ್ರ?"

"ಅದಕ್ಕೇ ಹೇಳ್ಯಾರಲ್ಲ, ವರ್ಷ ವರ್ಷ ಬಂದು ನೋಡಸ್ರಿ ಅಂತ. ನೋಡಸ್ತೀನಿ. ಮತ್ತ ಬಂತಂದ್ರ ಮತ್ತ ಮಲಗ್ತೀನಿ. ಅದೂ ಗೊತ್ತಿದ್ದೇ ಹೇಳ್ಲತ್ತೀನಿ."

"ನನಗ ನಿನ್ನ ದನಿ ಬ್ಯಾಡ, ನೀ ಬೇಕು" ಅಂದ ರೇವಪ್ಪ. ಮುಂದಿನ ಸೀಟಿನವರು ತಿರುಗಿ ನೋಡಿದರು.

ಲಕ್ಷ್ಮವ್ವ ಅವನ ಕಡೆ ತಿರುಗಿದಳು. ಅವಳಿಗೆ ಸಿಟ್ಟು ಬರಲಿಲ್ಲ. "ದನಿ ಬಿಟ್ಟು ನಾ ಬ್ಯಾರೆ ಅದೀನೇನು?" ಅಂದಳು. "ಕೊಳ್ಳು ನಂದು. ಡಾಕ್ಟರು ಎರಡೂ ದಾರಿ ಖರೇ ಅಂದಾರ. ಎರಡೂ ಖರೇ ಇದ್ರ ನನ್ನ ದಾರಿ ನಾ ಹಿಡೀತೀನಿ." ರೇವಪ್ಪ ಅವಳ ಕೈಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡ. ವೈಜಾಪುರದಲ್ಲಿ ಇಳಿದು ಇಬ್ಬರೂ ಭಜಿ ತಿಂದರು.

ಆಪರೇಷನ್ ಬನಾರಸಿನ ಡಾಕ್ಟರ ಕೈಯಲ್ಲೇ ಆಗಲಿ ಅಂದಳು ಲಕ್ಷ್ಮವ್ವ. ಆ ಮನುಷ್ಯ ಮೊದಲ ದಿನವೇ ಎಲ್ಲ ಸರಿಯಾಗಿ ಹೇಳಿದ್ದ, ಕೇಳಿಸಿಕೊಂಡವರು ತಪ್ಪಿದ್ದರು ಅಷ್ಟೇ. ಅವರ ಮುಂದೆ ಕೂತು ನಡೆದದ್ದೆಲ್ಲ ಹೇಳಿದಳು, ಅವರ ಮಾತನ್ನು ಅವರದೇ ದನಿಯಲ್ಲಿ ಅವರಿಗೇ ಒಪ್ಪಿಸಿದಳು. "ಸಾಹೇಬ್, ಹಮಾರೇ ಮೇಂ ಅವಸರ ಬೋಲೇ ತೋ ಭಾಗ್‌ನಾ" ಅಂದಳು. ಅವಸರ ಅಂದರೆ ಓಡುವುದು ಅಂತ ಕೇಳಿ ಡಾಕ್ಟರು ಮೊದಲು ಬೆರಗಾದರು, ಆಮೇಲೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಆತುರವಿಲ್ಲ ಅನ್ನಲು ಕನ್ನಡದಲ್ಲಿ ಏನೆನ್ನಬೇಕು ಅಂತ ಕೇಳಿ ಚೀಟಿಯ ಮೇಲೆ ಬರೆದುಕೊಂಡರು. ಕಾಗದದಲ್ಲಿ 'ಅರ್ಧ' ಎಂದು ಬರೆದದ್ದರ ಕೆಳಗೆ ಲಕ್ಷ್ಮವ್ವ ಮಗಳು ಕಲಿಸಿದ ಸಹಿ ಹಾಕಿದಳು, ನಿಧಾನವಾಗಿ, ಒಂದು ಗೆರೆಯೂ ತಪ್ಪದಂತೆ. ಅಷ್ಟು ದೊಡ್ಡ ಕಾಗದಕ್ಕೆ ಅವಳು ಹಿಂದೆಂದೂ ಸಹಿ ಹಾಕಿರಲಿಲ್ಲ.

ಒಳಗೆ ಕರೆದುಕೊಂಡು ಹೋಗುವ ಮುಂಚೆ ನರ್ಸು ಹೊರಗೆ ಬಂದು "ಭಾಗ್ಯಾನಪ್ಪ ಕೋಣ್?", ಯಾರು ಭಾಗ್ಯಾನಪ್ಪ, ಅಂತ ಎರಡು ಸಲ ಕೂಗಿದಳು. ಯಾರೂ ಏಳಲಿಲ್ಲ. ಮೂರನೆಯ ಸಲಕ್ಕೆ ಭಾಗ್ಯಶ್ರೀ ಅಪ್ಪನನ್ನು ತಿವಿದಳು. ರೇವಪ್ಪ ಒಳಗೆ ಹೋಗಿ ಹೆಂಡತಿಯ ಮಂಚದ ಪಕ್ಕ ನಿಂತ.

"ಒಂದ್ಸಲ ಕರಿಯೇ" ಅಂದ, ಯಾರಿಗೂ ಕೇಳಿಸದಂತೆ. "ನನ್ನ ಹೆಸರು. ಇಷ್ಟು ವರ್ಷ ಕೇಳಿಲ್ಲ ನಾ. ಆಮ್ಯಾಲ ದನಿ ಇರ್ತದೋ ಇಲ್ಲೋ."

ಲಕ್ಷ್ಮವ್ವ ತಲೆ ಅಲ್ಲಾಡಿಸಿದಳು. "ಈಗ ಕರದ್ರ ಹೋಗಾಕಿ ಕರದಂಗ ಆಗ್ತದ. ತಿರುಗಿ ಬಂದು ಕರೀತೀನಿ. ದನಿ ಬರಲಿ."

"ಬರಲಿಲ್ಲಂದ್ರ?"

"ಬರ್ತದ ಅಂದ್ನಲ್ಲ! ಸುಮ್ಮ ಹೊರಗ ಕೂಡು."

ಎಚ್ಚರವಾದಾಗ ಬನಾರಸಿನ ಡಾಕ್ಟರು ಎದುರಿಗಿದ್ದರು. ಏನಾದರೂ ಮಾತಾಡಿ ಅಂದರು. ಲಕ್ಷ್ಮವ್ವ ಬಾಯಿ ತೆರೆದಳು. ಹೊರಗೆ ಬಂದದ್ದು ಬರೀ ಗಾಳಿ, ಒಣ ಎಲೆ ಸರಿದಷ್ಟು ಸದ್ದು. ನರ ಕಣ್ಣಿಗೆ ಕಾಣುವ ಹಾಗೆ ಉಳಿಸಿದ್ದೇನೆ, ದಣಿದಿದೆ, ವಾರಗಳು ಬೇಕಾಗಬಹುದು ಅಂತ ಡಾಕ್ಟರು ಹೇಳಿದರು. ಚೀಟಿ ತೆಗೆದು ನೋಡಿಕೊಂಡು ಕನ್ನಡದಲ್ಲಿ, "ಅವಸರ ಇಲ್ಲ" ಅಂದರು. ಹತ್ತು ದಿನದ ಮೇಲೆ ಪರೀಕ್ಷೆಯ ಕಾಗದ ಬಂತು. ಗಂಟು ಪೂರ್ತಿ ಹೋಗಿತ್ತು, ಅಂಚಿನಲ್ಲಿ ಏನೂ ಉಳಿದಿರಲಿಲ್ಲ, ಮತ್ತೆ ಕೊಯ್ಯುವುದು ಬೇಕಿಲ್ಲ. ರೇವಪ್ಪ ಇಡೀ ಓಣಿಗೆ ಪೇಡೆ ಹಂಚಿದ.

ಕ್ಯಾನ್ಸರ್ ಹೋಯಿತು, ದನಿ ಬರಲಿಲ್ಲ. ಒಂದು ವಾರ, ಎರಡು ವಾರ, ನಾಲ್ಕು ವಾರ. ಮಾತು ಕೋಣೆಯ ತನಕ ಕೇಳುವಷ್ಟಾಯಿತು, ಆಮೇಲೆ ಅಂಗಳದ ತನಕ. ಮೇಲೆತ್ತಲು ಹೋದರೆ ನಡುವೆ ಹರಿಯುತ್ತಿತ್ತು. ಹಿತ್ತಲಿನ ಬಾಗಿಲು ಹಾಕಿಕೊಂಡು ಅವಳು ದಿನವೂ ಒಂದಿಷ್ಟು ಕೂಗಿ ನೋಡುತ್ತಿದ್ದಳು. ಹರಿದ ದನಿ ಕೇಳಿದಾಗ ಅಲ್ಲೇ ಕೂತು ಅಳುತ್ತಿದ್ದಳು. ಒಂದು ದಿನ ಶಿವಗಂಗಾ ನೋಡಲು ಬಂದವಳು ಮರುಗಿದಳು, "ಪೂರ್ತಿ ತೆಗಸಿದ್ರ ಏನಾಗ್ತಿತ್ತೋ ಯವ್ವಾ, ಅರ್ಧ ತೆಗಸಿದ್ದಕ್ಕೇ ಹಿಂಗಾದ್ರ."

"ಅದು ಯಾರಿಗಿ ಗೊತ್ತು?" ಅಂದಳು ಲಕ್ಷ್ಮವ್ವ ಪಿಸುದನಿಯಲ್ಲಿ. "ಆದ್ರ ಯಾರೂ ನನ್ನ ಎಳಕೊಂಡು ಹೋಗಿ ಮಲಗಿಸಿಲ್ಲ. ನಾ ಕೇಳಿ, ತಿಳಕೊಂಡು, ನನ್ನ ಕಾಲ ಮ್ಯಾಲ ನಡದು ಹೋಗಿ ಮಲಗೀನಿ. ದನಿ ಬಂದ್ರೂ ಅಷ್ಟೇ, ಬರದಿದ್ರೂ ಅಷ್ಟೇ." ಹಾಗೆ ಹೇಳುವಾಗ ಅವಳ ಕತ್ತು ನೆಟ್ಟಗಿತ್ತು, ಗಾಯದ ಗೆರೆ ಎಲ್ಲರಿಗೂ ಕಾಣುವ ಹಾಗೆ. ಸೆರಗಿನಿಂದ ಅದನ್ನು ಅವಳು ಒಂದು ದಿನವೂ ಮುಚ್ಚಿಕೊಂಡವಳಲ್ಲ.

ಏಳನೆಯ ವಾರ ಹಾಸ್ಟೆಲ್ ಕಟ್ಟಡದ ಕೊನೆಯ ಸ್ಲ್ಯಾಬ್, ನಾಲ್ಕನೆಯದು. ಲಕ್ಷ್ಮವ್ವ ಸೈಟಿಗೆ ಬಂದಳು. ಕೆಳಗೆ ನಿಂತವನು ಶ್ರೀಮಂತ, ಕೈಯಲ್ಲಿ ವಾಕಿಟಾಕಿ. ಅವಳು ಅವನ ಕಿವಿಯಲ್ಲಿ ಹೇಳುವುದು, ಅವನು ಆ ಡಬ್ಬಿಗೆ ಹೇಳುವುದು, ಮೇಲೆ ಉತ್ಕರ್ಷ ಸಾಹೇಬ ಕೇಳಿ ಆಳುಗಳಿಗೆ ಹೇಳುವುದು. ಒಂದು ಮಾತು ಮೂರು ಬಾಯಿ ದಾಟಿ ಹೋಗಬೇಕು. ಹನ್ನೊಂದರ ತನಕ ಹಾಗೂ ಹೀಗೂ ನಡೆಯಿತು. ಆಮೇಲೆ ಡಬ್ಬಿ ಎರಡು ಸಲ ಕೊರ್ ಅಂದು ಸುಮ್ಮನಾಯಿತು.

"ಬ್ಯಾಟರಿ ಹೋತು ಯಕ್ಕಾ" ಅಂದ ಶ್ರೀಮಂತ, ಅದನ್ನು ತೊಡೆಗೆ ಬಡಿಯುತ್ತ.

ಅದೇ ಹೊತ್ತಿಗೆ ಲಕ್ಷ್ಮವ್ವನ ಕಣ್ಣು ಮೇಲೆ ಹೋಯಿತು. ರಸ್ತೆ ಕಡೆಯ ಮೂಲೆಯಲ್ಲಿ ಸ್ಲ್ಯಾಬಿನ ಅಂಚು ಕಟ್ಟಿದ ಹಲಗೆ ಹೊರಗೆ ಉಬ್ಬುತ್ತಿತ್ತು, ಸಂದಿನಿಂದ ಸಿಮೆಂಟಿನ ಹಾಲು ಸುರಿಯುತ್ತಿತ್ತು. ರೇವಪ್ಪ ವೈಬ್ರೇಟರನ್ನು ಒಂದೇ ಕಡೆ ಇಳಿಸಿ ನಿಂತುಬಿಟ್ಟಿದ್ದ, ಅದರ ನಡುಕಕ್ಕೆ ಹಲಗೆ ಸಡಿಲಾಗುತ್ತಿತ್ತು. ಅವನಿಗೆ ಮೇಲಿಂದ ಅಂಚು ಕಾಣುವುದಿಲ್ಲ. ಇನ್ನೊಂದು ಗಳಿಗೆ ಬಿಟ್ಟರೆ ಹಲಗೆ ಕಿತ್ತು ಅಷ್ಟೂ ಕಾಂಕ್ರೀಟು ಕೆಳಗೆ ಬರುತ್ತಿತ್ತು, ಕೊನೆಯ ಸ್ಲ್ಯಾಬಿನ ಮೂಲೆಯೇ ಹೋಗುತ್ತಿತ್ತು. ಶ್ರೀಮಂತ ಕೈ ಬೀಸಿ ಒದರಿದ, ಮಿಕ್ಸರಿನ ಸದ್ದಿನಲ್ಲಿ ಅವನ ದನಿ ಅವನಿಗೇ ಕೇಳಲಿಲ್ಲ.

ಲಕ್ಷ್ಮವ್ವ ಕತ್ತೆತ್ತಿದಳು. "ಏ ಭಾಗ್ಯಾನ ಅ..." ಉದ್ದ ಮಾತು, ನಡುವೆಯೇ ಹರಿಯಿತು. ಉಸಿರು ಎಳೆದುಕೊಂಡು ಮತ್ತೆ ಕೂಗಿದಳು, ಮತ್ತೆ ಅಲ್ಲಿಗೇ ಹರಿಯಿತು. ಮೂರನೆಯ ಸಲ ಅವಳು ವಿಚಾರ ಮಾಡಲಿಲ್ಲ. ಅವ್ವನ ಮಾತು ನೆನಪಾಗಲಿಲ್ಲ. ಎರಡೂ ಕಾಲು ಊರಿ, ಹೊಟ್ಟೆಯಿಂದ ದನಿ ಎತ್ತಿ ಬಿಟ್ಟಳು:

"ರೇವಪ್ಪಾ!"

ಮಿಕ್ಸರನ್ನು ದಾಟಿ, ಮೂರು ಸ್ಲ್ಯಾಬ್ ದಾಟಿ, ಆ ಹೆಸರು ನಾಲ್ಕನೆಯದಕ್ಕೆ ಹೋಗಿ ಬಡಿಯಿತು. ರೇವಪ್ಪನ ಕೈ ತಾನಾಗಿ ಯಂತ್ರ ಬಂದ್ ಮಾಡಿತು. ಮೇಲಿನ ಹದಿನೆಂಟು ಆಳುಗಳು ಇದ್ದಲ್ಲೇ ನಿಂತರು. ಮಿಕ್ಸರಿನವನು ಕೂಡ ಗಾಬರಿಯಾಗಿ ಮಿಕ್ಸರ್ ನಿಲ್ಲಿಸಿದ.

ಅಂಚಿನಲ್ಲಿ ರೇವಪ್ಪನ ತಲೆ ಕಂಡಿತು. "ಏನಂದಿ?"

"ಹಲಗಿ ಉಬ್ಬ್ಯಾದ! ವೈಬ್ರೇಟರ್ ತಗೀ! ಶ್ರೀಮಂತಾ, ಟೇಕು ಕೊಡ್ಲಿಕ್ಕಿ ಕಟ್ಟಿಗಿ ತಗೊಂಡು ಮ್ಯಾಲ ಓಡು!"

"ಅಲ್ಲ, ಅದರ ಮೊದಲು ಏನಂದಿ?"

ಗ್ಯಾಂಗು ಪೂರ್ತಿ ಅವಳನ್ನೇ ನೋಡುತ್ತಿತ್ತು. ಶಿವಗಂಗಾ ಬುಟ್ಟಿ ಕೆಳಗಿಟ್ಟು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಲಕ್ಷ್ಮವ್ವನ ಮುಖ ಕೆಂಪಗಾಯಿತು, ಕಣ್ಣು ತುಂಬಿ ಬಂತು, ಆದರೂ ಕತ್ತು ತಗ್ಗಿಸಲಿಲ್ಲ.

"ರೇವಪ್ಪಾ ಅಂದೀನಿ!" ಅಂದಳು, ಮೊದಲಿಗಿಂತ ಎತ್ತರದಲ್ಲಿ. "ಕೇಳ್ತಿಲ್ಲೋ? ಮಾತು ಕೊಟ್ಟಿದ್ದೆ, ಕರದೀನಿ. ಇನ್ನ ನಿಂತು ನೋಡಬ್ಯಾಡ್ರಿ, ಕಾಂಕ್ರೀಟ್ ಗಟ್ಟಿ ಆಗ್ಲತ್ತದ. ಕೆಲಸ ಹಿಡೀರೋ, ಅವಸರ ಅದ!"